ಹೋಲ್ಡನ್‌ನನ್ನು ಮೊದಲ ಸಲ ಓದುವವರಿಗೆ

ಜೆ. ಡಿ. ಸ್ಯಾಲಿಂಜರ್ ಬರೆದ ‘ದಿ ಕ್ಯಾಚರ್ ಇನ್ ದಿ ರೈ’ ಕಾದಂಬರಿಯನ್ನು ಕೈಗೆತ್ತಿಕೊಂಡವರಲ್ಲಿ ಎಷ್ಟೋ ಜನ ಇಪ್ಪತ್ತು ಮೂವತ್ತು ಪುಟ ದಾಟುವ ಮೊದಲೇ ಕೆಳಗಿಡುತ್ತಾರೆ. ಕಥೆ ಹೇಳುವ ಹುಡುಗನ ಮೇಲೆ ಅವರಿಗೆ ಸಿಟ್ಟು ಬರುತ್ತದೆ. ಉಳ್ಳವರ ಮನೆಯ ಮಗ, ಅಪ್ಪ ನ್ಯೂಯಾರ್ಕಿನಲ್ಲಿ ವಕೀಲ, ಓದುವುದು ಹೆಸರಾಂತ ವಸತಿ ಶಾಲೆಯಲ್ಲಿ. ಆದರೂ ಕಂಡದ್ದಕ್ಕೆಲ್ಲ ಮೂಗು ಮುರಿಯುತ್ತಾನೆ, ಮಾತಿಗೊಂದು ಬೈಗುಳ ಸೇರಿಸುತ್ತಾನೆ. ಇವನ ಗೋಳನ್ನು ನಾವೇಕೆ ಕೇಳಬೇಕು ಅನ್ನಿಸುವುದು ಸಹಜ. ಐದನೇ ಅಧ್ಯಾಯದ ಕೊನೆಯ ತನಕ ತಾಳಿಕೊಳ್ಳಿ ಎಂದಷ್ಟೇ ನಾನು ಹೊಸ ಓದುಗರನ್ನು ಕೇಳಿಕೊಳ್ಳುತ್ತೇನೆ.

ಕಥೆಯ ಹರವು ಚಿಕ್ಕದು. ಹದಿನಾರು ವರ್ಷದ ಹೋಲ್ಡನ್ ಕಾಲ್ಫೀಲ್ಡ್ ಪೆನ್ಸಿಲ್ವೇನಿಯಾದ ಪೆನ್ಸಿ ಎಂಬ ಶಾಲೆಯಲ್ಲಿ ಇಂಗ್ಲಿಷ್ ಒಂದನ್ನು ಬಿಟ್ಟು ಉಳಿದ ನಾಲ್ಕು ವಿಷಯಗಳಲ್ಲೂ ಫೇಲಾಗಿದ್ದಾನೆ. ಕ್ರಿಸ್‌ಮಸ್ ರಜೆಗೆ ಹೋದವನು ಮತ್ತೆ ಬರುವುದು ಬೇಡ ಎಂದು ಶಾಲೆ ಹೇಳಿಬಿಟ್ಟಿದೆ. ಹೊರಡಬೇಕಾದದ್ದು ಬುಧವಾರ. ಆದರೆ ಶನಿವಾರ ರಾತ್ರಿಯೇ ರೂಮ್‌ಮೇಟ್ ಜೊತೆ ಹೊಡೆದಾಡಿ, ಸಾಮಾನು ಕಟ್ಟಿಕೊಂಡು ನ್ಯೂಯಾರ್ಕ್ ರೈಲು ಹತ್ತುತ್ತಾನೆ. ಶಾಲೆಯ ಕಾಗದ ಅಪ್ಪ ಅಮ್ಮನ ಕೈಸೇರುವ ಮುಂಚೆ ಮನೆಗೆ ಹೋಗಲು ಧೈರ್ಯವಿಲ್ಲ. ಹಾಗಾಗಿ ಸೋಮವಾರದವರೆಗೂ ಹೋಟೆಲು, ಬಾರು, ಟ್ಯಾಕ್ಸಿ, ಪಾರ್ಕು ಅಂತ ಸ್ವಂತ ಊರಿನಲ್ಲೇ ಅಲೆಯುತ್ತಾನೆ. ದೊಡ್ಡ ಘಟನೆಗಳಿಗಾಗಿ ಕಾಯಬೇಡಿ, ಇಷ್ಟೇ ಕಥೆ.

ಓದುವಾಗ ಹೋಲ್ಡನ್ ಆಡುವ ಮಾತಿಗಿಂತ ಮಾಡುವ ಕೆಲಸದ ಮೇಲೆ ಕಣ್ಣಿಡಿ. ಸಿನಿಮಾ ಕಂಡರಾಗದು ಎನ್ನುತ್ತಾನೆ, ಹೊತ್ತು ಕಳೆಯಲು ಸಿನಿಮಾಕ್ಕೇ ಹೋಗುತ್ತಾನೆ. ಎಲ್ಲರೂ ಸೋಗಲಾಡಿಗಳು ಎನ್ನುತ್ತಾನೆ, ತಾನು ಭಾರಿ ಸುಳ್ಳುಗಾರ ಎಂದು ತಾನೇ ಒಪ್ಪುತ್ತಾನೆ. ಯಾರೂ ಬೇಡ ಎನ್ನುವವನು ಟ್ಯಾಕ್ಸಿ ಓಡಿಸುವವನನ್ನೂ ಬಾ, ಜೊತೆಗೆ ಕುಡಿಯೋಣ ಎಂದು ಕರೆಯುತ್ತಾನೆ. ಮನಸ್ಸಿಗೆ ನಿಜವಾಗಿ ಹತ್ತಿರವಾಗಿದ್ದ ಜೇನ್ ಎಂಬ ಹುಡುಗಿಗೆ ಫೋನ್ ಮಾಡಬೇಕೆಂದು ಮತ್ತೆ ಮತ್ತೆ ಅಂದುಕೊಂಡರೂ ಏನೋ ನೆಪ ಹೇಳಿ ಬಿಟ್ಟುಬಿಡುತ್ತಾನೆ. ಈ ಎಳೆದಾಟದ ಮೂಲ ಐದನೇ ಅಧ್ಯಾಯದಲ್ಲಿದೆ.

ರೂಮ್‌ಮೇಟ್‌ಗೆ ಶಾಲೆಯಲ್ಲಿ ಒಂದು ಪ್ರಬಂಧ ಒಪ್ಪಿಸಬೇಕಾಗಿದೆ. ಒಂದು ಕೋಣೆಯನ್ನೋ ಮನೆಯನ್ನೋ ವರ್ಣಿಸಿ ನೀನೇ ಬರೆದುಕೊಡು ಎಂದು ಹೋಲ್ಡನ್‌ಗೆ ಹೇಳಿ ಹೊರಟುಹೋಗುತ್ತಾನೆ. ಹೋಲ್ಡನ್ ಬರೆಯುವುದು ತನ್ನ ತಮ್ಮ ಆಲಿಯ ಬೇಸ್‌ಬಾಲ್ ಕೈಗವಸಿನ ಬಗ್ಗೆ. ಆಲಿ ಎಡಗೈ ಆಟಗಾರ. ಬ್ಯಾಟ್ ಹಿಡಿದವರು ಬರುವ ತನಕ ಮೈದಾನದಲ್ಲಿ ಸುಮ್ಮನೆ ನಿಂತಿರುವಾಗ ಓದಲು ಏನಾದರೂ ಇರಲಿ ಎಂದು, ಆ ಚರ್ಮದ ಗವಸಿನ ಬೆರಳುಗಳ ಮೇಲೆ, ಅಂಗೈ ಭಾಗದ ಮೇಲೆ, ಜಾಗ ಸಿಕ್ಕಲ್ಲೆಲ್ಲ ಹಸಿರು ಶಾಯಿಯಲ್ಲಿ ಕವಿತೆಗಳನ್ನು ಬರೆದುಕೊಂಡಿದ್ದ. ಆಲಿ ರಕ್ತದ ಕ್ಯಾನ್ಸರ್‌ನಿಂದ 1946ರ ಜುಲೈ 18ರಂದು ತೀರಿಕೊಂಡ. ಏನನ್ನೂ ನೆಟ್ಟಗೆ ಹೇಳದ ಹೋಲ್ಡನ್ ಈ ತಾರೀಖನ್ನು ಮಾತ್ರ ಖಚಿತವಾಗಿ ಹೇಳುತ್ತಾನೆ. ಆ ರಾತ್ರಿ ಹದಿಮೂರು ವರ್ಷದ ಇವನು ಗ್ಯಾರೇಜಿನಲ್ಲಿ ಮಲಗಿ, ಅಲ್ಲಿನ ಕಿಟಕಿ ಗಾಜುಗಳನ್ನೆಲ್ಲ ಮುಷ್ಟಿಯಿಂದ ಗುದ್ದಿ ಒಡೆದುಹಾಕಿದ. ಆಸ್ಪತ್ರೆ ಸೇರಿದ್ದರಿಂದ ತಮ್ಮನ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ಈಗಲೂ ಆ ಕೈಯನ್ನು ಸರಿಯಾಗಿ ಮುಷ್ಟಿ ಕಟ್ಟಲು ಬರುವುದಿಲ್ಲ.

ರೂಮ್‌ಮೇಟ್ ಬಂದು ಓದಿ, ನಾನು ಹೇಳಿದ್ದೇನು ನೀನು ಬರೆದದ್ದೇನು ಎಂದು ರೇಗುತ್ತಾನೆ. ಹೋಲ್ಡನ್ ಆ ಹಾಳೆಗಳನ್ನು ಹರಿದು ಬಿಸಾಡುತ್ತಾನೆ.

ಇಷ್ಟಾದ ಮೇಲೆ ಕಾದಂಬರಿಯ ದನಿಯೇ ಬೇರೆಯಾಗಿ ಕೇಳತೊಡಗುತ್ತದೆ. ಹೋಲ್ಡನ್‌ನನ್ನು ಬಂಡಾಯಗಾರ ಎಂದು ಕರೆಯುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಇವನು ಸಾವಿನ ಸೂತಕದಿಂದ ಹೊರಬರಲಾಗದ ಹುಡುಗ. ಹತ್ತಿರ ಕೂರಿಸಿಕೊಂಡು ಆಲಿಯ ವಿಷಯ ಮಾತಾಡಿಸಿದ ಹಿರಿಯರು ಇಡೀ ಪುಸ್ತಕದಲ್ಲಿ ಒಬ್ಬರೂ ಕಾಣುವುದಿಲ್ಲ. ಸೆಂಟ್ರಲ್ ಪಾರ್ಕಿನ ಕೊಳ ಹೆಪ್ಪುಗಟ್ಟಿದಾಗ ಅಲ್ಲಿನ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ, ಯಾರಾದರೂ ಬಂದು ಕರೆದೊಯ್ಯುತ್ತಾರಾ ಎಂದು ಟ್ಯಾಕ್ಸಿಯವರನ್ನು ಅವನು ಕೇಳುವಾಗ ನಗು ಬರಬಹುದು. ನಕ್ಕ ಮೇಲೆ ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಕೊನೆಯ ಹೊತ್ತಿಗೆ ಫಿಫ್ತ್ ಅವೆನ್ಯೂದಲ್ಲಿ ಒಂದೊಂದು ರಸ್ತೆ ದಾಟುವಾಗಲೂ ತಾನು ಮಾಯವಾಗಿಬಿಡುತ್ತೇನೆ ಎಂಬ ಭಯ ಅವನನ್ನು ಹಿಡಿಯುತ್ತದೆ. ಆಗ ಕಾಪಾಡು ಎಂದು ಬೇಡಿಕೊಳ್ಳುವುದು ಸತ್ತ ತಮ್ಮನನ್ನು.

ಬರೆದವರ ಬಗ್ಗೆ ಸ್ವಲ್ಪ ತಿಳಿದಿರಲಿ. ಸ್ಯಾಲಿಂಜರ್ ಹುಟ್ಟಿದ್ದು 1919ರಲ್ಲಿ, ನ್ಯೂಯಾರ್ಕಿನಲ್ಲಿ. ಹೋಲ್ಡನ್ ಬರುವ ಒಂದು ಕಥೆಯನ್ನು ‘ನ್ಯೂಯಾರ್ಕರ್’ ಪತ್ರಿಕೆ 1941ರಲ್ಲೇ ಒಪ್ಪಿಕೊಂಡಿತ್ತು. ಅಮೆರಿಕ ಯುದ್ಧಕ್ಕೆ ಇಳಿದದ್ದರಿಂದ ಅದು ಅಚ್ಚಾದದ್ದು 1946ರಲ್ಲಿ. ನಡುವಿನ ವರ್ಷಗಳಲ್ಲಿ ಸ್ಯಾಲಿಂಜರ್ ಸೈನಿಕ. 1944ರ ಜೂನ್ 6ರಂದು ನಾರ್ಮಂಡಿ ತೀರದಲ್ಲಿ ಇಳಿದವರಲ್ಲಿ ಅವರೂ ಇದ್ದರು. ಯುದ್ಧ ಮುಗಿದಾಗ ಮನಸ್ಸು ಜರ್ಜರಿತವಾಗಿ ನ್ಯೂರೆಂಬರ್ಗ್‌ನ ಆಸ್ಪತ್ರೆ ಸೇರಿದರು. 1951ರಲ್ಲಿ ಬಂದ ಈ ಕಾದಂಬರಿಯಲ್ಲಿ ರಣರಂಗವಿಲ್ಲ. ಆದರೆ ಎಳೆಯರ ಸಾವನ್ನು ಕಣ್ಣಾರೆ ಕಂಡವರೇ ಇದನ್ನು ಬರೆದದ್ದು ಎಂಬುದನ್ನು ಮರೆಯಬಾರದು. ಮುಂದೆ ಅವರು ನ್ಯೂಯಾರ್ಕಿನ ರಾಮಕೃಷ್ಣ-ವಿವೇಕಾನಂದ ಕೇಂದ್ರದ ಒಡನಾಟಕ್ಕೆ ಬಂದರು. ಕುವೆಂಪು ಅವರ ಬರಹದ ಮೂಲಕ ಪರಮಹಂಸರನ್ನು ಬಲ್ಲ ನಮಗೆ ಇದು ಕುತೂಹಲದ ಸಂಗತಿಯೇ. ಆದರೆ ಆ ವೇದಾಂತದ ಗುರುತುಗಳನ್ನು ಅವರ ನಂತರದ ಕಥೆಗಳಲ್ಲಿ ಹುಡುಕಿ, ಹೋಲ್ಡನ್ ಮೇಲೆ ಹೇರಬೇಡಿ.

ಇನ್ನು ವಿವಾದ. ಬೈಗುಳ, ಕುಡಿತ, ಲೈಂಗಿಕ ಪ್ರಸ್ತಾಪಗಳ ಕಾರಣಕ್ಕೆ ಅಮೆರಿಕದ ಶಾಲೆಗಳಲ್ಲಿ ಈ ಪುಸ್ತಕಕ್ಕೆ ದಶಕಗಟ್ಟಲೆ ವಿರೋಧ ಬಂತು. 1960ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಹನ್ನೊಂದನೇ ತರಗತಿಗೆ ಇದನ್ನು ಓದಲು ಕೊಟ್ಟ ಅಧ್ಯಾಪಕರೊಬ್ಬರನ್ನು ಕೆಲಸದಿಂದ ತೆಗೆದರು. ಮೇಲ್ಮನವಿಯಲ್ಲಿ ಕೆಲಸ ಮರಳಿ ಸಿಕ್ಕಿತು, ಪುಸ್ತಕ ಮಾತ್ರ ಶಾಲೆಯಿಂದ ಹೊರಬಿತ್ತು. 1980ರಲ್ಲಿ ಜಾನ್ ಲೆನನ್‌ನನ್ನು ಕೊಂದವನ ಕೈಯಲ್ಲಿ ಈ ಪುಸ್ತಕವಿದ್ದದ್ದರಿಂದ ಅದರ ಹೆಸರಿಗೆ ಇನ್ನೊಂದು ಕರಿ ನೆರಳು ಅಂಟಿಕೊಂಡಿತು.

ವಿರೋಧಿಸಿದವರು ಬೊಟ್ಟು ಮಾಡಿ ತೋರಿಸುತ್ತಿದ್ದ ಅತಿ ಕೆಟ್ಟ ಪದ ಬರುವುದು ಇಪ್ಪತ್ತೈದನೇ ಅಧ್ಯಾಯದಲ್ಲಿ. ಅಲ್ಲಿ ಏನು ನಡೆಯುತ್ತದೆ ನೋಡಿ. ಹತ್ತು ವರ್ಷದ ತಂಗಿ ಫೀಬಿಗೆ ಚೀಟಿ ಕೊಡಲು ಹೋಲ್ಡನ್ ಅವಳ ಶಾಲೆಗೆ ಹೋಗಿದ್ದಾನೆ. ಗೋಡೆಯ ಮೇಲೆ ಯಾರೋ ಆ ಪದ ಬರೆದಿದ್ದಾರೆ. ಚಿಕ್ಕ ಮಕ್ಕಳು ಇದನ್ನು ಓದಿ, ಅರ್ಥ ಏನೆಂದು ತಲೆ ಕೆಡಿಸಿಕೊಂಡು, ಕೊನೆಗೆ ಯಾವನೋ ಪೋಲಿ ಹುಡುಗನಿಂದ ತಿಳಿದುಕೊಳ್ಳುತ್ತಾರೆ ಎಂದು ಅವನ ಹೊಟ್ಟೆ ಉರಿಯುತ್ತದೆ. ಕೈಯಿಂದ ಉಜ್ಜಿ ಅಳಿಸುತ್ತಾನೆ. ಇನ್ನೊಂದು ಮೆಟ್ಟಿಲ ಬಳಿ ಅದೇ ಪದ, ಈ ಸಲ ಚೂರಿಯಿಂದ ಕೆತ್ತಿದ್ದು, ಉಜ್ಜಿದರೂ ಹೋಗದು. ಅಲ್ಲಿಂದ ಮ್ಯೂಸಿಯಂಗೆ ಹೋದರೆ, ಈಜಿಪ್ಟಿನ ಗೋರಿಯ ಕೋಣೆಯಲ್ಲೂ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅದೇ. ಪುಸ್ತಕವನ್ನು ಶಾಲೆಯಿಂದ ಹೊರಗಿಡಬೇಕೆಂದವರ ಕಾಳಜಿಯೂ ಹೋಲ್ಡನ್‌ನ ಕಾಳಜಿಯೂ ಒಂದೇ: ಮಕ್ಕಳ ಕಣ್ಣಿಗೆ ಇದು ಬೀಳಬಾರದು. ಅದು ಆಗದ ಮಾತು ಎಂಬುದು ಈ ಹುಡುಗನಿಗೆ ಹೊಳೆಯುವ ಕ್ಷಣವನ್ನೇ ಅವರು ಅಶ್ಲೀಲವೆಂದು ಕರೆದರು. ಇದು ನನಗೆ ಇಂದಿಗೂ ಬೇಸರ ತರುವ ವಿಷಯ.

ಹೆಸರಿನ ಗುಟ್ಟೂ ಇದೇ. ದೊಡ್ಡವನಾದ ಮೇಲೆ ಏನಾಗುತ್ತೀಯ ಎಂದು ಫೀಬಿ ಕೇಳಿದಾಗ ಹೋಲ್ಡನ್ ಒಂದು ಕನಸು ಹೇಳುತ್ತಾನೆ. ಪ್ರಪಾತದ ಅಂಚಿನಲ್ಲಿ ರೈ ಬೆಳೆದ ಹೊಲ, ಅಲ್ಲಿ ಆಡುವ ಸಾವಿರಾರು ಮಕ್ಕಳು. ಓಡುತ್ತ ಓಡುತ್ತ ಅಂಚಿಗೆ ಬಂದವರನ್ನು ಹಿಡಿದು ನಿಲ್ಲಿಸುವುದಷ್ಟೇ ತನ್ನ ಕೆಲಸ. ಮರುದಿನ ಅದೇ ಫೀಬಿ ಪಾರ್ಕಿನ ತಿರುಗುವ ಮರದ ಕುದುರೆ ಏರುತ್ತಾಳೆ. ಮಕ್ಕಳೆಲ್ಲ ಮೈ ಚಾಚಿ ಚಿನ್ನದ ಬಣ್ಣದ ಬಳೆ ಹಿಡಿಯಲು ಹೋಗುತ್ತಾರೆ. ಅವಳು ಬಿದ್ದಾಳೆಂಬ ಅಳುಕಿದ್ದರೂ ಹೋಲ್ಡನ್ ಬೆಂಚಿನಿಂದ ಏಳುವುದಿಲ್ಲ. ಬಿದ್ದರೆ ಬೀಳಲಿ, ತಡೆಯಬಾರದು ಎಂದುಕೊಳ್ಳುತ್ತಾನೆ. ಕಾದಂಬರಿಯಲ್ಲಿ ಅವನು ಮನಸಾರೆ ಸಂತೋಷಪಡುವ ಗಳಿಗೆ ಇದು.

ಹದಿನಾರರ ಆಸುಪಾಸಿನ ಮಕ್ಕಳಿಗೆ ಇದನ್ನು ಕೊಡುವ ತಂದೆ ತಾಯಿಯರು ಮೊದಲು ತಾವು ಓದಲಿ. ಹೋಟೆಲಿನ ಕೋಣೆಗೆ ಒಬ್ಬಳು ವೇಶ್ಯೆ ಬರುವ ಪ್ರಸಂಗವಿದೆ. ಹೋಲ್ಡನ್ ಅವಳ ಹತ್ತಿರ ಬರೀ ಮಾತಾಡಲು ಬಯಸುತ್ತಾನೆ, ಅದಕ್ಕೂ ಏಟು ತಿನ್ನುತ್ತಾನೆ. ಅದಕ್ಕಿಂತ ಕಷ್ಟದ್ದು ಇಪ್ಪತ್ತನಾಲ್ಕನೇ ಅಧ್ಯಾಯ. ಹಳೆಯ ಮೇಷ್ಟ್ರು ಆಂಟೊಲಿನಿ ರಾತ್ರಿ ತಂಗಲು ಜಾಗ ಕೊಟ್ಟು, ಪುಸ್ತಕದಲ್ಲೇ ಅತ್ಯಂತ ವಿವೇಕದ ಮಾತುಗಳನ್ನು ಆಡುತ್ತಾರೆ. ನಡುರಾತ್ರಿ ಎಚ್ಚರವಾದಾಗ ಅವರು ಕತ್ತಲಲ್ಲಿ ಕೂತು ತನ್ನ ತಲೆ ಸವರುತ್ತಿರುವುದನ್ನು ಕಂಡು ಹೋಲ್ಡನ್ ಬೆದರಿ ಓಡುತ್ತಾನೆ. ಅದು ವಾತ್ಸಲ್ಯವೋ ಬೇರೇನೋ ಎಂಬುದನ್ನು ಕಾದಂಬರಿ ಹೇಳುವುದಿಲ್ಲ. ತರಗತಿಯಲ್ಲಿ ಅತಿ ಹೆಚ್ಚು ಚರ್ಚೆಯಾಗುವ ಪುಟಗಳಿವು, ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ನೀವೂ ಅವಸರದಲ್ಲಿ ತೀರ್ಮಾನಿಸಬೇಡಿ. ಮುಂದಿನ ಅಧ್ಯಾಯದ ಮೊದಲ ಪುಟಗಳಲ್ಲಿ, ರೈಲು ನಿಲ್ದಾಣದ ಬೆಂಚಿನಲ್ಲಿ ರಾತ್ರಿ ಕಳೆದ ಹೋಲ್ಡನ್ ಬೆಳಿಗ್ಗೆ ಎದ್ದು, ತಾನು ಮೇಷ್ಟ್ರನ್ನು ತಪ್ಪಾಗಿ ತಿಳಿದೆನೇನೋ ಎಂದು ಯೋಚಿಸುವುದನ್ನು ಓದಿದ ಮೇಲೆ ನಿಮ್ಮ ಅಭಿಪ್ರಾಯ ಹೇಳಿ.