ಸೈಡ್ ಬಿ ಹಾಕಿದ ಶುಕ್ರವಾರ

ಮೊನ್ನೆ ಇಲ್ಲಿನ ಕಾಲೇಜೊಂದರ ರೇಡಿಯೊ ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿದ್ದಳು. "ಅಕ್ಕಾ, ನೀವು ಅಮೆರಿಕಾದಾಗ ರೇಡಿಯೊಕ್ಕ ರೊಕ್ಕ ಎತ್ತಿದ್ರಂತಲ್ಲ, ಹೆಂಗ ಎತ್ತಿದ್ರಿ ನಮಗೂ ಹೇಳ್ರಿ" ಅಂದಳು. ಎತ್ತಿದೆ ಅನ್ನುವುದಕ್ಕಿಂತ ಎತ್ತಲು ಹೋಗಿ ಮುಗ್ಗರಿಸಿದೆ ಅನ್ನುವುದೇ ಸರಿ. ಅಷ್ಟನ್ನೂ ಫೋನಿನಲ್ಲಿ ಹೇಳಲಾಗದೆ "ಬರೆದು ಕಳಿಸ್ತೀನಿ ತಡಿ" ಅಂದೆ. ಬರೆಯಲು ಕೂತರೆ 2019ರ ಏಪ್ರಿಲ್‌ನ ಒಂದು ಶುಕ್ರವಾರ, ಸಂಜೆ ನಾಲ್ಕು ನಲವತ್ತು, ಅದೊಂದೇ ಎದುರಿಗೆ ಬಂದು ಕೂರುತ್ತದೆ.

ನಾನು ಎಂ.ಎಸ್. ಓದುತ್ತಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, ಬಾದಾಮಿ ತೋಟಗಳ ನಡುವಿನ ಒಂದು ಊರಿನಲ್ಲಿ. ವಿಶ್ವವಿದ್ಯಾಲಯದ ಎಫ್‌ಎಂ ಸ್ಟೇಷನ್ ವಿದ್ಯಾರ್ಥಿ ಭವನದ ನೆಲಮಾಳಿಗೆಯಲ್ಲಿತ್ತು. ದಿನದ ಇಪ್ಪತ್ನಾಲ್ಕು ಗಂಟೆಯೂ ಪ್ರಸಾರ, ನಡೆಸುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು: ಅರ್ಧ ವಿದ್ಯಾರ್ಥಿಗಳು, ಅರ್ಧ ಊರಿನ ಜನ. ಶುಕ್ರವಾರ ನಾಲ್ಕರಿಂದ ಆರರವರೆಗೆ ನನ್ನ ಪಾಳಿ. ದೊಡ್ಡ ಕಂಪನಿಗಳ ಹಂಗಿಲ್ಲದೆ ಆ ವಾರ ಬಂದ ಹೊಸ ಇಂಡಿ ಹಾಡುಗಳೇ ನನ್ನ ಸರಕು. 2015ರ ಜುಲೈನಿಂದ ಬಹುಮಟ್ಟಿಗೆ ಲೋಕದ ಆಲ್ಬಮ್‌ಗಳೆಲ್ಲ ಶುಕ್ರವಾರವೇ ಬಿಡುಗಡೆ ಆಗುತ್ತವೆ. ಅದಕ್ಕೂ ಮೊದಲು ಅಲ್ಲಿ ಮಂಗಳವಾರ ಆಗುತ್ತಿದ್ದವು. ಹಾಗಾಗಿ ಶುಕ್ರವಾರ ಸಂಜೆಯ ಪಾಳಿ ಸಿಕ್ಕವರಿಗೆ ಹಂಚಿನ ಮೇಲಿನ ರೊಟ್ಟಿ ಸಿಕ್ಕಂತೆ. ಮಧ್ಯೆ ಮಧ್ಯೆ ಸ್ವರಾತ್ಮ ಬ್ಯಾಂಡನ್ನೋ ರಘು ದೀಕ್ಷಿತರ 2008ರ ಮೊದಲ ಆಲ್ಬಮನ್ನೋ ತುರುಕುತ್ತಿದ್ದೆ. ಬಾದಾಮಿ ಬೆಳೆಯುವ ಒಬ್ಬರು ಫೋನ್ ಮಾಡಿ "ಆ ಗುಡು ಗುಡು ಹಾಡು ಮತ್ತೆ ಹಾಕಮ್ಮ" ಅನ್ನುತ್ತಿದ್ದರು. ಅದು ಶಿಶುನಾಳ ಷರೀಫರದೆಂದೂ, ಹೇಳುತ್ತಿರುವುದು ಬರೀ ಹುಕ್ಕಾದ ಮಾತಲ್ಲವೆಂದೂ ಅವರಿಗೆ ತಿಳಿಸಿ ಹೇಳಲು ನನಗೆ ಕೊನೆಗೂ ಆಗಲಿಲ್ಲ.

ಬಂದ ಪ್ರತಿ ಡಿಸ್ಕಿನ ಮುಖಪುಟದ ಮೇಲೂ ಒಂದು ಬಿಳಿ ಚೀಟಿ ಅಂಟಿಸುವುದು ಅಲ್ಲಿನ ಪದ್ಧತಿ. ಮೊದಲು ಕೇಳಿದವರು ಅದರ ಮೇಲೆ ಕೈಬರಹದಲ್ಲಿ ಯಾವ ಹಾಡು ಹೇಗೆ ಶುರುವಾಗುತ್ತದೆ, ಯಾವುದು ಥಟ್ಟನೆ ನಿಲ್ಲುತ್ತದೆ ಎಂದು ಬರೆಯಬೇಕು. ಬೈಗುಳವಿರುವ ಹಾಡಿನ ಮುಂದೆ ಕೆಂಪು ಗೆರೆ ಎಳೆಯಬೇಕು. ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಅಂಥ ಮಾತು ಗಾಳಿಗೆ ಬಿಡುವಂತಿಲ್ಲ. ಕೆಂಪು ಗೆರೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರೊಕ್ಕದ ಮಾತು. ಅಮೆರಿಕದಲ್ಲಿ ಎಫ್‌ಎಂನ 88ರಿಂದ 92ರವರೆಗಿನ ತುದಿ ವ್ಯಾಪಾರವಲ್ಲದ ಸ್ಟೇಷನ್‌ಗಳಿಗೆ ಮೀಸಲು. ಜಾಹೀರಾತು ಹಾಕುವಂತಿಲ್ಲ. ನೆರವು ಕೊಟ್ಟ ಅಂಗಡಿಗೆ ಧನ್ಯವಾದ ಹೇಳಬಹುದು, ಅಂಗಡಿ ಎಲ್ಲಿದೆ ಅನ್ನಬಹುದು. ಆದರೆ 'ಹೋಗಿ ಕೊಳ್ಳಿ' ಅನ್ನಬಾರದು, 'ಅಗ್ಗ' ಅನ್ನಬಾರದು, ಬೆಲೆ ಹೇಳಬಾರದು. ಅದಕ್ಕೇ ವರ್ಷಕ್ಕೊಂದು ವಾರ ಎಲ್ಲರೂ ಮೈಕಿನ ಮುಂದೆ ಕೂತು ಕೇಳುಗರ ಮುಂದೆ ಸೆರಗೊಡ್ಡುವುದು. ನಮ್ಮ ನೆಲಮಾಳಿಗೆಯಲ್ಲಿ ಆ ವಾರಕ್ಕೆ ಭಯವೂ ಸೇರಿರುತ್ತಿತ್ತು. 2011ರ ಜನವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೊದ ಕೆಯುಎಸ್ಎಫ್ ಸ್ಟೇಷನ್ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿತು. ಅದನ್ನು ನಡೆಸುತ್ತಿದ್ದ ವಿಶ್ವವಿದ್ಯಾಲಯ ಅದರ ತರಂಗಾಂತರವನ್ನು 37.5 ಲಕ್ಷ ಡಾಲರಿಗೆ ಮಾರಲು ಒಪ್ಪಿಕೊಂಡಿತ್ತು. 'ನಾವೇ ನಮ್ಮ ಖರ್ಚು ನೋಡಿಕೊಳ್ಳದಿದ್ದರೆ ನಮ್ಮದೂ ಅದೇ ಗತಿ' ಎಂದು ಹಳಬರು ಹೊಸಬರನ್ನು ಹೆದರಿಸುತ್ತಿದ್ದರು.

ಬೇಡುವುದು ನನಗೆ ಹೊಸದಲ್ಲ ಅಂದುಕೊಂಡಿದ್ದೆ. ಹುಬ್ಬಳ್ಳಿಯ ಓಣಿಯಲ್ಲಿ ಗಣಪತಿ ಚಂದಾ ಎತ್ತಿ ಬೆಳೆದವಳು. ಆದರೆ ಅಪ್ಪನಿಗೆ ವಿಷಯ ತಿಳಿದು ಮುಖ ಸಣ್ಣದಾಯಿತು. "ಮೈಸೂರಿನ ಗೋಪಾಲಸ್ವಾಮಿ ಮೇಷ್ಟ್ರು 1935ರಾಗ ಮನ್ಯಾಗ ಆಕಾಶವಾಣಿ ನಡಸಿದ್ರು. ನೀ ಓದಾಕ ಹೋಗಿ ಪರದೇಶದಾಗ ಕೈ ಒಡ್ತಿಯೇನು?" ಅಂದರು. ಆ ಮೇಷ್ಟ್ರ ಸ್ಟೇಷನ್ನನ್ನೂ ಕೊನೆಗೆ ಮೈಸೂರು ಸಂಸ್ಥಾನವೇ ವಹಿಸಿಕೊಳ್ಳಬೇಕಾಯಿತು ಅನ್ನುವ ಉತ್ತರ ನನಗೆ ಹೊಳೆದದ್ದು ಫೋನ್ ಇಟ್ಟ ಮೇಲೆ.

ನನ್ನ ಯೋಜನೆ ದೊಡ್ಡದಿತ್ತು. ಊರಿನವರೇ ಆದ ಮೂವರ ಬ್ಯಾಂಡೊಂದು ಆ ಶುಕ್ರವಾರವೇ ಕ್ಯಾಸೆಟ್ ಬಿಡುಗಡೆ ಮಾಡುತ್ತಿತ್ತು. ಹೌದು, ಕ್ಯಾಸೆಟ್ಟೇ, ಇಂಡಿಯವರಲ್ಲಿ ಅದು ಮತ್ತೆ ಫ್ಯಾಷನ್ ಆಗಿತ್ತು. ಸಂಜೆ ನನ್ನ ಪಾಳಿಯಲ್ಲಿ ಅದರ ಮೊದಲ ಪ್ರಸಾರ, ಮರುದಿನ ಕ್ಯಾಂಪಸ್ಸಿನ ಸಭಾಂಗಣದಲ್ಲಿ ಅವರೂ ಇನ್ನೆರಡು ಬ್ಯಾಂಡ್‌ಗಳೂ ಸೇರಿ ಸಹಾಯಾರ್ಥ ಕಛೇರಿ. ಶನಿವಾರ ಬೆಳಗ್ಗೆ ಮೂವತ್ತು ವರ್ಷದಿಂದ ಹಳೆಯ ಕಂಟ್ರಿ ಹಾಡು ಹಾಕುತ್ತಿದ್ದ ಅಜ್ಜರೊಬ್ಬರು "ದಿನಾ ಏನು ಹಾಕ್ತೀಯೋ ಅದನ್ನೇ ಹಾಕು, ಕೊಟ್ಟವರ ಹೆಸರು ಓದು, ಸಾಕು" ಅಂದಿದ್ದರು. ಪಾಪ, ಹಳೇ ಕಾಲದವರು ಅಂದುಕೊಂಡೆ.

ಸಭಾಂಗಣದ ಕಥೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೊಬ್ಬ ಅಧಿಕಾರಿ. ಫೆಬ್ರವರಿಯಿಂದ ಮೂರು ಸಲ ಅವನ ಮೇಜಿನ ಮುಂದೆ ನಿಂತು "ಇನ್ನೇನಾದರೂ ಬೇಕಾ?" ಎಂದು ಕೇಳಿದ್ದೆ. ಮೂರೂ ಸಲ ನಕ್ಕು "ಎಲ್ಲ ಆಯ್ತು" ಅಂದಿದ್ದ. ಕಛೇರಿಗೆ ಐದು ದಿನವಿರುವಾಗ ಅವನಿಂದ ಇಮೇಲ್: ಹೊರಗಿನ ಬ್ಯಾಂಡ್‌ಗಳಿಗೆ ಹತ್ತು ಲಕ್ಷ ಡಾಲರಿನ ವಿಮೆಯ ಪ್ರಮಾಣಪತ್ರ ಬೇಕು, ಇಬ್ಬರು ಕಾವಲುಗಾರರ ಸಂಬಳ ನಾವೇ ಕಟ್ಟಬೇಕು. ಆ ಹುಡುಗರ ಹತ್ತಿರ ಗಿಟಾರಿನ ತಂತಿಗೇ ದುಡ್ಡಿರಲಿಲ್ಲ. ಅಲ್ಲಿಗೇ ಕೈಬಿಡಬೇಕಿತ್ತು. ನನ್ನ ಹಟ ಬಿಡಬೇಕಲ್ಲ! ಬಾಡಿಗೆಗೆ ಸ್ಪೀಕರ್ ತಂದು ಡ್ರಮ್ ಬಾರಿಸುವವನ ಮನೆಯ ಹಿತ್ತಿಲಲ್ಲೇ ಮಾಡುವುದೆಂದು ಸಾರಿದೆ.

ಶುಕ್ರವಾರ ಮಧ್ಯಾಹ್ನ ಆ ಡ್ರಮ್ಮಿನ ಹುಡುಗ ಕ್ಯಾಸೆಟ್ ತಂದುಕೊಟ್ಟ. ತಿಳಿನೀಲಿ ಬಣ್ಣ, ಬರೀ ನೂರು ಪ್ರತಿ, ಕೈಯಲ್ಲೇ ಬರೆದ ಸಂಖ್ಯೆ. "ಸೈಡ್ ಎ ರೇಡಿಯೊಕ್ಕೆ. ಸೈಡ್ ಬಿ ನಮ್ಮ ಗ್ಯಾರೇಜಿನಲ್ಲಿ ಮಾಡಿದ್ದು, ಅದು ಬೇಡ" ಎಂದ. ನನ್ನ ಹಳೇ ಕೊರೊಲಾದಲ್ಲಿ ಕ್ಯಾಸೆಟ್ ಪ್ಲೇಯರ್ ಇತ್ತು. ಪಾರ್ಕಿಂಗಿನಲ್ಲೇ ಕೂತು ಸೈಡ್ ಎ ಪೂರ್ತಿ ಕೇಳಿದೆ. ಒಂದು ಕೆಟ್ಟ ಪದವಿಲ್ಲ. ಬಿಳಿ ಚೀಟಿ ಬರೆದೆ, ಕೆಂಪು ಪೆನ್ನು ಮುಟ್ಟಲೇ ಇಲ್ಲ. ಪಕ್ಕಗಳನ್ನು ಗುರುತಿಸಲು ಆ ಪುಣ್ಯಾತ್ಮರು ಅಚ್ಚು ಹಾಕಿಸಿರಲಿಲ್ಲ. ಪೆನ್ಸಿಲ್ಲಿನಲ್ಲಿ ಸಣ್ಣಗೆ ಎ, ಸಣ್ಣಗೆ ಬಿ. ಸ್ಟುಡಿಯೊದ ಮಬ್ಬು ದೀಪದಲ್ಲಿ ಎರಡೂ ಒಂದೇ.

ನಾಲ್ಕೂವರೆಗೆ ಗಾಜಿನಾಚೆಯ ಕೋಣೆಯಲ್ಲಿ ಆರು ಫೋನ್, ಆರು ಸ್ವಯಂಸೇವಕರು, ತಣ್ಣಗಾದ ಪಿಜ್ಜಾ. ಒಂದು ಫೋನೂ ಬಡಿಯುತ್ತಿರಲಿಲ್ಲ. ಫ್ರೀಮಾಂಟ್‌ನಲ್ಲಿರುವ ಅಕ್ಕನ ಗಂಡ ಆಣೆ ಇಟ್ಟಿದ್ದರು: "ನಾಕೂವರೆಗೆ ಕನ್ನಡದ ಗೆಳೆಯರನ್ನೆಲ್ಲ ಕೂಡಿಸಿ ಇಂಟರ್ನೆಟ್ಟಿನಾಗ ನಿನ್ನ ಪ್ರೋಗ್ರಾಂ ಹಚ್ಚತೀನಿ, ಫೋನಿನ ಮಳೀನ ಸುರಸ್ತೀವಿ." ನಾಲ್ಕು ನಿಮಿಷ ಬೇಡಿದೆ. ಟೀಶರ್ಟು, ಸ್ಟಿಕ್ಕರು, ಚೀಲ, ಎಲ್ಲ ಹೇಳಿದೆ. ಮಳೆಯಿರಲಿ, ಮೋಡವೂ ಇಲ್ಲ. ನನ್ನ ದನಿ ನನಗೇ ಬಸ್‌ಸ್ಟ್ಯಾಂಡಿನಲ್ಲಿ ಬಾಚಣಿಗೆ ಮಾರುವವರ ದನಿಯಂತೆ ಕೇಳತೊಡಗಿತು. ಕೊನೆಗೆ "ಲೋಕದಲ್ಲೇ ಮೊದಲ ಬಾರಿಗೆ" ಎಂದು ಘೋಷಿಸಿ ಕ್ಯಾಸೆಟ್ಟಿನ ಗುಂಡಿ ಒತ್ತಿದೆ.

ಗಿಟಾರ್ ಯಾಕೋ ಒರಟಾಗಿದೆ ಅನಿಸಿತು. ಸ್ಟುಡಿಯೊದ ಸ್ಪೀಕರ್ ಹಾಗೆ ಅಂದುಕೊಂಡೆ. ನಲವತ್ತನೇ ಸೆಕೆಂಡಿಗೆ ಆ ಪದ ಬಂತು. ನುಂಗಿ ಆಡಿದ್ದಲ್ಲ, ಊರ ಅಗಸಿಯಲ್ಲಿ ನಿಂತು ಕೂಗಿದಷ್ಟು ಸ್ಪಷ್ಟ. ದೊಡ್ಡ ಸ್ಟೇಷನ್‌ಗಳಲ್ಲಿ ಪ್ರಸಾರವನ್ನು ಕೆಲವು ಸೆಕೆಂಡು ತಡೆದು ಬಿಡುವ ಯಂತ್ರವಿರುತ್ತದೆ. ನಮ್ಮಲ್ಲಿರಲಿಲ್ಲ. ಬಾಯಿಂದ ಬಿದ್ದದ್ದು ಆಗಲೇ ಬಾದಾಮಿ ತೋಟ ದಾಟಿ ಹೋಗಿರುತ್ತಿತ್ತು. ಕೈ ದನಿ ಏರಿಸಿ ಇಳಿಸುವ ಫೇಡರಿಗೆ ಹಾರಿತು, ಸರ್ರನೆ ಕೆಳಗೆಳೆದೆ. ಹಾಡು ನಿಲ್ಲಲಿಲ್ಲ. ನಾನು ಎಳೆದದ್ದು ಮೈಕಿನ ಫೇಡರು. ಅಷ್ಟರಲ್ಲಿ ಪಲ್ಲವಿ ಬಂತು. ಆ ಪದ ಇದ್ದದ್ದೇ ಪಲ್ಲವಿಯಲ್ಲಿ. ಎರಡು, ಮೂರು, ನಾಲ್ಕು. ಮಿಕ್ಸರಿನ ಆಸೆ ಬಿಟ್ಟು ಕ್ಯಾಸೆಟ್ ಡೆಕ್ಕಿನ ಬಾಗಿಲನ್ನೇ ಉಗುರಿನಿಂದ ಕಿತ್ತು ತೆಗೆದೆ. ಟೇಪು ಸುರುಳಿ ಬಿಚ್ಚಿಕೊಂಡು ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು.

ಆಮೇಲೆ ಮೌನ. ಮೀಟರಿನ ಮುಳ್ಳು ಸತ್ತು ಮಲಗಿತ್ತು. ಹನ್ನೊಂದು ಸೆಕೆಂಡ್ ಎಂದು ಆಮೇಲೆ ರೆಕಾರ್ಡಿಂಗ್ ನೋಡಿದವರು ಹೇಳಿದರು. ನನಗದು ಹುಬ್ಬಳ್ಳಿಯಿಂದ ಬೆಂಗಳೂರಿನವರೆಗಿನ ಪ್ಯಾಸೆಂಜರ್ ರೈಲಿನಷ್ಟು ಉದ್ದವಿತ್ತು. ಎಲ್ಲ ಫೇಡರುಗಳನ್ನೂ ಒಟ್ಟಿಗೆ ಮೇಲೆತ್ತಿದೆ. ಮೈಕ್ ಜೀವ ಪಡೆದದ್ದು ಗೊತ್ತಾಗಲೇ ಇಲ್ಲ. "ಅಯ್ಯೋ ಶಿವನೇ, ನನ್ನ ಕತಿ ಮುಗೀತು" ಅಂದೆ. ಅದೂ ಪ್ರಸಾರವಾಯಿತು.

ಅಲ್ಲಿಗಾದರೂ ಬೇರೆ ಹಾಡು ಹಾಕಿ ಸುಮ್ಮನಿರಬೇಕಿತ್ತು. ಗಾಬರಿಯಲ್ಲಿ ಆ ಹುಡುಗರ ಮಾನ ಉಳಿಸಲು ಹೊರಟೆ. "ತಪ್ಪು ನನ್ನದು, ಅವರ ಸೈಡ್ ಎ ಬಹಳ ಚೆನ್ನಾಗಿದೆ, ಎಂಟೇ ಡಾಲರು, ನಮ್ಮ ಪೋಷಕರಾದ ಇಂಥ ಅಂಗಡಿಗೆ ಹೋಗಿ ಕೊಳ್ಳಿ." ಬೆಲೆ, ಹೊಗಳಿಕೆ, ಹೋಗಿ ಕೊಳ್ಳಿ: ಮೂರೂ ನಿಷಿದ್ಧ, ಮೂರನ್ನೂ ಒಂದೇ ಉಸಿರಿನಲ್ಲಿ ಆಡಿ ಮುಗಿಸಿದೆ. ಗಾಜಿನಾಚೆ ನಮ್ಮ ಮ್ಯಾನೇಜರ್, ಇಪ್ಪತ್ತೊಂದು ವರ್ಷದ ಹುಡುಗಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು.

ಆಗ ಆರೂ ಫೋನ್ ಬಡಿದುಕೊಂಡವು. ಸಿನಿಮಾದಲ್ಲಾಗಿದ್ದರೆ ಇಲ್ಲಿಂದ ಹಣ ಹರಿಯಬೇಕಿತ್ತು. ಹಿಂದಿನ ಸೀಟಿನಲ್ಲಿ ಮಗುವಿದ್ದ ತಾಯಿಯೊಬ್ಬರು ಬೈದರು. ಇಬ್ಬರು ನಕ್ಕು ಇಟ್ಟರು. ಒಬ್ಬರು "ಕೊನೆಗೆ ಆಡಿದ್ದು ಯಾವ ಭಾಷೆ?" ಎಂದು ಕೇಳಿದರು. ಐದು ದಾಟಿದ ಮೇಲೆ ಭಾವನವರ ಫೋನ್. ಗೆಳೆಯರಿಲ್ಲ, ಗುಂಪಿಲ್ಲ, ಒಬ್ಬರೇ. "ಏನವ್ವಾ, ಯಾರಿಗೋ ಬೈದಂಗ ಕೇಳ್ತಲ್ಲ?" ಅಂದು 101 ಡಾಲರ್ ಬರೆಸಿದರು, ಎಕ್ಸ್‌ಎಲ್ ಟೀಶರ್ಟು ಬೇಕೆಂದರು. ಫೋನ್ ಹಿಡಿದಿದ್ದ ಹುಡುಗ ಆ ಒಂದು ಡಾಲರ್ ನೋಡಿ ತಲೆ ಕೆರೆದುಕೊಂಡ. ಸೊನ್ನೆಗೆ ನಿಲ್ಲಿಸಬಾರದು, ಮುಂದಕ್ಕೆ ಬೆಳೆಯಲಿ ಎಂದು ನಮ್ಮಲ್ಲಿ ಒಂದು ಸೇರಿಸುತ್ತೇವೆ ಎಂದು ವಿವರಿಸಿದೆ. ಅದು ಅವರಿಗೆ ಎಷ್ಟು ಹಿಡಿಸಿತೆಂದರೆ ಮುಂದಿನ ಪಾಳಿಯವನು ಮೈಕಿನಲ್ಲಿ ಕೇಳಿದ್ದೇ "101 ಕೊಡಿ" ಎಂದು. ಮೂವರು ಕೊಟ್ಟರು. ನನ್ನ ಎರಡು ಗಂಟೆಯ ಒಟ್ಟು ಗಳಿಕೆ 146 ಡಾಲರ್, ಅದರಲ್ಲಿ 101 ಭಾವನವರದು.

ಆ ರಾತ್ರಿ ಮೂರರವರೆಗೆ ಕಾನೂನು ಓದಿದೆ. ಒಂದು ಉಲ್ಲಂಘನೆಗೆ ದಂಡ 3,25,000 ಡಾಲರಿನವರೆಗೆ ಹೋಗಬಹುದೆಂದು 2006ರಲ್ಲೇ ಶಾಸನ ಮಾಡಿದ್ದಾರೆ. 1973ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಬಿಎಐ ಸ್ಟೇಷನ್ ಜಾರ್ಜ್ ಕಾರ್ಲಿನ್‌ನ ಹಾಸ್ಯ ಪ್ರಸಾರ ಮಾಡಿದಾಗ ಮಗನೊಡನೆ ಕಾರಿನಲ್ಲಿ ಹೋಗುತ್ತಿದ್ದ ಒಬ್ಬ ತಂದೆ ದೂರು ಕೊಟ್ಟ. ಅದು 1978ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸ್ಟೇಷನ್ ಸೋತಿತು. ನನ್ನ ತಲೆಯಲ್ಲಿ ಆ ತಂದೆಯ ಕಾರು, ಈ ತಾಯಿಯ ಕಾರು, ಒಂದರ ಹಿಂದೊಂದು ಓಡುತ್ತಿದ್ದವು. ಕೊನೆಗೆ ಯಾವ ನೋಟಿಸೂ ಬರಲಿಲ್ಲ ಅನ್ನಿ. ಸ್ಟೇಷನ್ನಿನವರು ಮಾತ್ರ ನನ್ನನ್ನು ಒಂದು ತಿಂಗಳು ಮೈಕಿನಿಂದ ದೂರ ಇಟ್ಟರು. ಅದು ನ್ಯಾಯವೇ.

ಶನಿವಾರ ಬೆಳಗ್ಗೆ ಅಜ್ಜನ ಪಾಳಿಯಲ್ಲಿ ಫೋನಿನ ಹತ್ತಿರ ಕೂತಿದ್ದೆ. ಅವರು ಹಾಡು ಹಾಕಿದರು, ಕೊಟ್ಟವರ ಹೆಸರು ಓದಿದರು, "ಮೊಣಕಾಲು ಹೇಗಿದೆ ಈಗ?" ಎಂದು ಒಬ್ಬರನ್ನು ಗಾಳಿಯಲ್ಲೇ ಕೇಳಿದರು. 'ಕೊಡಿ' ಅಂದದ್ದು ಹೆಚ್ಚೆಂದರೆ ನಾಲ್ಕು ಸಲ. ಮೂರು ಗಂಟೆಯಲ್ಲಿ 1,900 ಡಾಲರ್ ದಾಟಿತು. ಹೊಸ ಹಾಡಿಗೆ ಕಿವಿ ಬಂದೀತು, ಕೈ ಜೇಬಿಗೆ ಹೋಗುವುದು ಪರಿಚಯದ ದನಿಗೆ. ಸಂಜೆ ಹಿತ್ತಿಲಿಗೆ 47 ಜನ ಬಂದರು, ತಲೆಗೆ ಎಂಟು ಡಾಲರ್. ಸ್ಪೀಕರಿಗೆ 220, ನೀರು ಲೋಟ ತಟ್ಟೆಗೆ 70 ಕಳೆದು ಉಳಿದದ್ದು 86. ಬಂದವರಲ್ಲಿ ಬಹಳ ಜನ ಕೇಳಿದ್ದು ಸೈಡ್ ಬಿ ಹಾಡನ್ನೇ.

ಈಗ ನಿನ್ನ ಟಿಪ್ಸ್ ತಂಗಿ. ಟೇಪಾಗಲಿ ಫೈಲಾಗಲಿ, ಸ್ಟುಡಿಯೊದ ಯಂತ್ರದಲ್ಲೇ ಒಮ್ಮೆ ಹಾಕಿ ಕೇಳದೆ ಗಾಳಿಗೆ ಬಿಡಬೇಡ. ಸಭಾಂಗಣದವರ 'ಎಲ್ಲ ಆಯ್ತು' ಅನ್ನುವುದನ್ನು ಬರೆಸಿಕೋ. ಕೊಟ್ಟವರ ಹೆಸರನ್ನು ಸರಿಯಾಗಿ ಉಚ್ಚರಿಸು. ನಿಮಗೆ ಇಲ್ಲಿ ಗಂಟೆಗೆ ಇಷ್ಟು ನಿಮಿಷವೆಂದು ಜಾಹೀರಾತಿಗಾದರೂ ಅವಕಾಶವಿದೆ, ಆ ಮಟ್ಟಿಗೆ ಪುಣ್ಯವಂತರು. ಮತ್ತೆ, ಫೋನಿನಲ್ಲಿ ಬರೆಸಿದ್ದೆಲ್ಲ ಬಂದ ಹಣವಲ್ಲ. ಇದನ್ನು ದಪ್ಪಕ್ಷರದಲ್ಲಿ ಬರೆದುಕೋ.

ಭಾವನವರಿಗೆ ಸ್ಟೇಷನ್ನಿನಿಂದ ಮೂರು ನೆನಪೋಲೆ ಹೋದವು. "ಕಳಸ್ತೀನಿ ಬಿಡ" ಅನ್ನುತ್ತಲೇ ಜೂನ್ ಬಂತು. ಊರಿಗೆ ಹೊರಡುವ ಮುನ್ನ ನನ್ನ ಜೇಬಿನಿಂದಲೇ 101 ಕಟ್ಟಿ, ಎಕ್ಸ್‌ಎಲ್ ಟೀಶರ್ಟು ಇಸಿದುಕೊಂಡು ಬಂದೆ. ಕಪ್ಪು ಬಣ್ಣ, ಎದೆಯ ಮೇಲೆ ಟ್ರಾನ್ಸ್‌ಮಿಟರ್ ಗೋಪುರದ ಚಿತ್ರ. ಹೋದ ದೀಪಾವಳಿಗೆ ಬಂದಿದ್ದ ಭಾವ ಅದನ್ನು ತಂತಿಯ ಮೇಲೆ ಒಣಗಲು ಹಾಕಿದ್ದು ನೋಡಿ, "ಭಾರೀ ಐತಲ್ಲ ಇದು, ನಂದ ಅಳತಿದು. ಎಷ್ಟಕ್ಕ ಸಿಗತದ?" ಅಂದರು.

"ನೂರಾ ಒಂದು" ಅಂದೆ.