ಮನೆಯ ಬಳಿಯ ಹೆಮ್ಮರಗಳ ಪರೀಕ್ಷೆ

ಚಾಮರಾಜನಗರ ಗುಂಡ್ಲುಪೇಟೆಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ರೇವತಿ, ಅಶ್ವಿನಿ, ಭರಣಿ ಮಳೆಗಳ ಸ್ವಭಾವವನ್ನು ಹೇಳಿಕೊಡಬೇಕಾದುದಿಲ್ಲ. ಹಗಲೆಲ್ಲ ಬಿಸಿಲು ಸುಟ್ಟು, ಸಂಜೆಯ ಹೊತ್ತಿಗೆ ಮೋಡ ಕವಿದು, ಮಳೆಗಿಂತ ಮುಂಚೆ ಗಾಳಿಯೇ ಬರುವುದು. ಅರ್ಧ ಗಂಟೆಯೊಳಗಾಗಿ ಗೊನೆಬಿಟ್ಟ ಬಾಳೆಯ ತೋಟಗಳು ನೆಲಕ್ಕೊರಗುವುವು, ಹೆಂಚುಗಳು ಹಾರುವುವು, ಹಾದಿಯ ಮರಗಳು ಅಡ್ಡಬೀಳುವುವು. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ, ವಾರ್ಷಿಕ ಪರೀಕ್ಷೆಗಳು ಇನ್ನೂ ಮುಗಿಯದಿರುವಾಗ, ಒಂದು ಭಾನುವಾರ ಸಂಜೆ ಇಂಥ ಗಾಳಿಗೆ ನಮ್ಮ ಶಾಲೆಯ ಆವರಣದ ಮಳೆಮರದ ಹೆಗ್ಗೊಂಬೆಯೊಂದು ಕವಲಿನಲ್ಲಿ ಸೀಳಿ, ಹುಡುಗಿಯರು ಮಧ್ಯಾಹ್ನ ಬುತ್ತಿ ಬಿಚ್ಚುವ ಕಲ್ಲುಬೆಂಚಿನ ಮೇಲೆ ಬಿದ್ದಿತು. ಬೆಂಚು ಎರಡು ತುಂಡಾಯಿತು. ಭಾನುವಾರವಾದುದರಿಂದ ಅಲ್ಲಿ ಯಾರೂ ಇರಲಿಲ್ಲ. ಅದಕ್ಕಾಗಿ ದೇವರನ್ನು ಸ್ತುತಿಸಿದೆವು. ಆದರೆ ಸ್ತುತಿಯೊಂದರಿಂದಲೇ ನಮ್ಮ ಮನಸ್ಸಿಗೆ ಸಮಾಧಾನವಾಗಲಿಲ್ಲ. ಏತಕ್ಕೆಂದರೆ, ಹಿಂದಿನ ಕ್ರಿಸ್‌ಮಸ್ ಹಬ್ಬಕ್ಕೆ ನಕ್ಷತ್ರದೀಪವನ್ನು ಅದೇ ಕೊಂಬೆಗೆ ಕಟ್ಟಿಸುವಾಗ ಆ ಕವಲಿನ ಸೀಳನ್ನು ನಾವು ಕಣ್ಣಾರೆ ಕಂಡಿದ್ದೆವು. ಕಂಡೂ ಅದರ ಅರ್ಥವೇನೆಂದು ವಿಚಾರಿಸದೆ ಬಿಟ್ಟಿದ್ದೆವು. ಆ ತಪ್ಪು ನಮ್ಮದೇ.

ಮರುದಿನ ತಾಯಿತಂದೆಗಳು ಬಂದು ಎರಡು ಬಗೆಯಾಗಿ ಮಾತನಾಡಿದರು. ಆವರಣದ ಮರಗಳನ್ನೆಲ್ಲ ಕಡಿಸಿಬಿಡಿರೆಂದು ಕೆಲವರು. ಹಿರಿಯರು ನೆಟ್ಟ ನೆರಳಿಗೆ ಕೊಡಲಿ ಹಾಕಬೇಡಿರೆಂದು ಇನ್ನು ಕೆಲವರು. ಸತ್ಯವೇದದ ಧರ್ಮೋಪದೇಶಕಾಂಡದಲ್ಲಿ ಈ ಎರಡು ಮನಸ್ಸಿಗೂ ಉತ್ತರ ದೊರೆಯುವುದು. ಅದರ 20ನೆಯ ಅಧ್ಯಾಯದಲ್ಲಿ, ಮುತ್ತಿಗೆ ಹಾಕಿದ ಶತ್ರುಪಟ್ಟಣದ ಹಣ್ಣಿನ ಮರಗಳನ್ನು ಸಹ ಹಾಳುಮಾಡಕೂಡದೆಂಬ ವಿಧಿಯುಂಟು. 22ನೆಯ ಅಧ್ಯಾಯದಲ್ಲಿ, ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯಿಂದ ಯಾರೂ ಬಿದ್ದು ಸಾಯದ ಹಾಗೆ ಸುತ್ತಲೂ ಗೋಡೆಯನ್ನೆತ್ತಬೇಕೆಂಬ ವಿಧಿಯುಂಟು. ಮರವನ್ನು ವ್ಯರ್ಥವಾಗಿ ಕೆಡಿಸಲಾಗದು. ತಿಳಿದ ಅಪಾಯವನ್ನು ಮನೆಯಲ್ಲಿ ಇಟ್ಟುಕೊಳ್ಳಲೂ ಆಗದು. ಈ ಎರಡನ್ನೂ ನಡೆಸಬೇಕಾದರೆ ಮರವನ್ನು ಪರೀಕ್ಷಿಸುವುದನ್ನು ಕಲಿಯಬೇಕು. ಭಯವೂ ಮಮತೆಯೂ ಇಲ್ಲಿ ಒಳ್ಳೆಯ ನ್ಯಾಯಾಧಿಪತಿಗಳಲ್ಲ.

ಮರವು ದೊಡ್ಡದು, ಮರವು ಹಳೆಯದು ಎಂಬಷ್ಟರಿಂದಲೇ ಅಪಾಯವು ಸಿದ್ಧವಾಗುವುದಿಲ್ಲ. ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಪೂಜಿಸುವ ದೊಡ್ಡಸಂಪಿಗೆಯ ಮರವು ಅನೇಕ ತಲೆಮಾರುಗಳಿಂದ ನಿಂತಿದೆ. ಅದರ ಕೆಳಗೆ ಯಾರ ಮನೆಯೂ ಇಲ್ಲ. ಒಂದು ಕೊಂಬೆ ಮುರಿದರೂ ಅದು ಕಾಡಿನ ನೆಲವನ್ನೇ ಸೇರುವುದು. ಆದರೆ ಅಂಗಳದ ಒಂದು ತೆಂಗಿನ ಮರವನ್ನು ನೋಡಿರಿ. 15 ಮೀಟರ್ ಎತ್ತರದಿಂದ ಉದುರಿದ ಕಾಯಿಯು ನೆಲವನ್ನು ಮುಟ್ಟುವಾಗ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗವನ್ನು ಹೊಂದಿರುವುದು. ಅದರಡಿಯಲ್ಲಿ ಮಗುವಿನ ತೊಟ್ಟಿಲನ್ನು ಇಟ್ಟರೆ ಆ ಸಣ್ಣ ಕಾಂಡದ ಮರವೇ ಹೆಚ್ಚು ಅಪಾಯಕರವು. ಆದಕಾರಣ ಕೇಳತಕ್ಕ ಪ್ರಶ್ನೆಗಳು ಮೂರು. ಮರದ ಯಾವ ಭಾಗವು ಮುರಿಯುವ ಸಂಭವವಿದೆ? ಮುರಿದರೆ ಅದು ಯಾರ ಮೇಲೆ, ಯಾವುದರ ಮೇಲೆ ಬೀಳುವುದು? ಬಿದ್ದರೆ ಆಗುವ ಹಾನಿ ಎಷ್ಟು? ಹೊರದೇಶಗಳಲ್ಲಿ ಮರಗಳ ಪರೀಕ್ಷೆಯನ್ನೇ ವೃತ್ತಿಯಾಗಿ ಕಲಿತವರು ಸಹ ಈ ಮೂರನ್ನೇ ತೂಗಿ ನೋಡಿ ತೀರ್ಪು ಹೇಳುವರು.

ಎರಡನೆಯ ಪ್ರಶ್ನೆಯು ಸುಲಭವಾದುದರಿಂದ ಅಲ್ಲಿಂದಲೇ ಪ್ರಾರಂಭಿಸೋಣ. ಮೊದಲು ಮರದ ಎತ್ತರವನ್ನು ಅಳೆಯಿರಿ. ಹತ್ತಬೇಕಾದುದಿಲ್ಲ. ಬಿಸಿಲಿನಲ್ಲಿ 1 ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ. ಅದೇ ಹೊತ್ತಿನಲ್ಲಿ ಮರದ ನೆರಳನ್ನು ಬುಡದಿಂದ ತುದಿಯವರೆಗೆ ಅಳೆಯಿರಿ. ಕೋಲಿನ ನೆರಳು 80 ಸೆಂಟಿಮೀಟರ್, ಮರದ ನೆರಳು 12 ಮೀಟರ್ ಆದರೆ, ಮರದ ಎತ್ತರವು 15 ಮೀಟರ್. ಬುಡದಿಂದ ಸುತ್ತಲೂ 15 ಮೀಟರ್ ದೂರದವರೆಗೆ ಒಂದು ವರ್ತುಲವನ್ನು ಮನಸ್ಸಿನಲ್ಲಿ ಎಳೆದು, ಅದರೊಳಗೆ ಇರುವುದನ್ನೆಲ್ಲ ಬರೆಯಿರಿ: ಮಲಗುವ ಕೋಣೆ, ಕೊಟ್ಟಿಗೆ, ನಲ್ಲಿ, ಹಾದಿ, ವಿದ್ಯುತ್ತಿನ ತಂತಿ. ಒಣಗಿದ ಕೊಂಬೆಗಳು ಸಿಡಿದು ಇನ್ನೂ ದೂರ ಬೀಳಬಹುದಾದುದರಿಂದ ಅಂಥ ಮರಕ್ಕೆ ಈ ದೂರವನ್ನು ಒಂದೂವರೆಯಷ್ಟು ಮಾಡಿಕೊಳ್ಳಿರಿ. ಪ್ರತಿಯೊಂದರ ಎದುರಿಗೆ ಅಲ್ಲಿ ಜನರು ದಿನಕ್ಕೆ ಎಷ್ಟು ಹೊತ್ತು ಇರುವರೆಂಬುದನ್ನೂ ಗುರುತಿಸಿರಿ. ದಿನಕ್ಕೊಮ್ಮೆ ದಾಟುವ ಹಾದಿಗೂ, ಇರುಳೆಲ್ಲ ಮಲಗುವ ಮಂಚಕ್ಕೂ ಬಹಳ ಭೇದವುಂಟು.

ಅನಂತರ ಮರವನ್ನು ಬೇರಿನಿಂದ ಮೊದಲುಮಾಡಿ ಮೇಲಕ್ಕೆ ಪರೀಕ್ಷಿಸತಕ್ಕದ್ದು. ಬೇರುಗಳು ಪಾತಾಳದವರೆಗೆ ಇಳಿದಿರುವುವೆಂದು ಜನರು ನಂಬುವರು. ವಾಸ್ತವವಾಗಿ ಬಹುಪಾಲು ಬೇರುಗಳು ಮೇಲಿನ ಎರಡು ಅಡಿ ಮಣ್ಣಿನಲ್ಲಿಯೇ, ನೆತ್ತಿಯ ಹರವನ್ನೂ ಮೀರಿ ಹರಡಿಕೊಂಡಿರುವುವು. ಎದೆಯ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ದಾರದಿಂದ ತೆಗೆದು 3.14ರಿಂದ ಭಾಗಿಸಿದರೆ ಅಡ್ಡಳತೆಯು ಬರುವುದು. ಅದನ್ನು 12ರಿಂದ ಗುಣಿಸಿದರೆ ಬುಡದಿಂದ ಎಷ್ಟು ದೂರದವರೆಗೆ ಬೇರುಗಳನ್ನು ಮುಟ್ಟಲಾಗದೆಂಬುದು ಸ್ಥೂಲವಾಗಿ ತಿಳಿಯುವುದು. ಸುತ್ತಳತೆಯು 157 ಸೆಂಟಿಮೀಟರ್ ಇದ್ದರೆ ಅಡ್ಡಳತೆಯು 50 ಸೆಂಟಿಮೀಟರ್, ದೂರವು 6 ಮೀಟರ್. ಈ ಎಲ್ಲೆಯೊಳಗೆ ಚರಂಡಿಯನ್ನೋ ಪಾಯವನ್ನೋ ಅಗೆದಿದ್ದರೆ, ಮರವು ಹಸುರಾಗಿ ಕಂಡರೂ ಒಂದು ಕಡೆಯ ಹಿಡಿತವನ್ನು ಕಳೆದುಕೊಂಡಿರಬಹುದು.

ಓರೆಯಾದ ಮರವೆಲ್ಲ ಬೀಳುವ ಮರವಲ್ಲ. ಎಳೆತನದಿಂದ ಓರೆಯಾಗಿ ಬೆಳೆದುದು ತುದಿಯಲ್ಲಿ ಮತ್ತೆ ನೆಟ್ಟಗೆ ತಿರುಗಿರುವುದು. ಅದು ತನ್ನ ಭಾರಕ್ಕೆ ತಕ್ಕ ಬೇರನ್ನು ಕಟ್ಟಿಕೊಂಡಿದೆ. ಹೊಸದಾಗಿ ವಾಲಿದುದು ಬುಡದಿಂದ ತುದಿಯವರೆಗೂ ಒಂದೇ ಓರೆಯಾಗಿರುವುದು. ವಾಲಿದ ದಿಕ್ಕಿಗೆ ಹಿಂದುಗಡೆಯಲ್ಲಿ ನೆಲವು ಎದ್ದಿರುವುದು. ನಮ್ಮ ಸೀಮೆಯ ಎರೆಭೂಮಿಯು ಬೇಸಿಗೆಯಲ್ಲಿ ತಾನಾಗಿಯೇ ಬಿರಿಯುವುದರಿಂದ ಬರಿಯ ಬಿರುಕನ್ನು ಕಂಡು ಹೆದರಬೇಡಿರಿ; ಮರದ ಬುಡವನ್ನು ಬಿಲ್ಲಿನಂತೆ ಬಳಸಿಕೊಂಡು, ಗಾಳಿ ಬೀಸಿದಾಗ ಬಾಯಿಬಿಡುವ ಬಿರುಕೇ ಹೆದರತಕ್ಕದ್ದು. ಅಂಥದನ್ನು ಕಂಡರೆ ಆ ಕಡೆಯ ಕೋಣೆಯನ್ನು ಆಗಲೇ ಬಿಟ್ಟು ಹೊರಡಬೇಕು.

ಕಾಂಡದಲ್ಲಿ ನೋಡತಕ್ಕವು ಬಿರುಕು, ಪೊಟರೆ, ಅಣಬೆ. ಬುಡದಲ್ಲಿ ಹಲಗೆಯಂಥ ಗಟ್ಟಿ ಅಣಬೆಯು ಮೂಡಿದ್ದರೆ ಒಳಗಿನ ಮರವು ಕೊಳೆಯುತ್ತಿದೆಯೆಂದು ಅರ್ಥ. ತೆಂಗಿನ ಅಣಬೆ ರೋಗವನ್ನು ನಮ್ಮ ರೈತರು ಬಲ್ಲರು. ಬುಡದಿಂದ ಕೆಂಗಂದು ರಸವು ಸೋರುವುದು ಅದರ ಗುರುತು. ಗೆದ್ದಲು ಸಾಮಾನ್ಯವಾಗಿ ಸತ್ತ ಮರವನ್ನೇ ತಿನ್ನುವುದರಿಂದ, ಅದು ಹತ್ತಿರುವಲ್ಲಿ ಸತ್ತ ಭಾಗವೆಷ್ಟೆಂದು ಹುಡುಕಬೇಕು. ಮರದ ಕೊಡತಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಕೇಳಿರಿ. ಮಡಕೆಯನ್ನು ಕೊಳ್ಳುವಾಗ ತಟ್ಟಿ ನೋಡುವ ನಿಮಗೆ ಗಟ್ಟಿಯ ಸದ್ದಿಗೂ ಪೊಳ್ಳಿನ ಸದ್ದಿಗೂ ಇರುವ ವ್ಯತ್ಯಾಸವನ್ನು ಹೇಳಬೇಕಾದುದಿಲ್ಲ. ಆದರೆ ಪೊಳ್ಳಾದುದೆಲ್ಲ ದುರ್ಬಲವಲ್ಲ. ಬಿದಿರು ಪೊಳ್ಳಾಗಿಯೇ ಗಾಳಿಯನ್ನು ತಡೆಯುವುದು. ಜರ್ಮನಿಯ ಕ್ಲೌಸ್ ಮಾತ್ತೆಕ್ ಎಂಬ ವಿಜ್ಞಾನಿಯು ಬಿದ್ದ ಮರಗಳನ್ನೂ ನಿಂತ ಮರಗಳನ್ನೂ ಹೋಲಿಸಿ, ಕಾಂಡದ ತ್ರಿಜ್ಯದಲ್ಲಿ ಹತ್ತರಲ್ಲಿ ಮೂರು ಪಾಲಾದರೂ ಗಟ್ಟಿ ಗೋಡೆಯಿರಬೇಕೆಂದು ಹೇಳಿದನು. ತ್ರಿಜ್ಯವು 50 ಸೆಂಟಿಮೀಟರ್ ಆದರೆ 15 ಸೆಂಟಿಮೀಟರ್ ದಪ್ಪವು ಬೇಕು. ಇದು ಸ್ಥೂಲವಾದ ಅಳತೆ; ಪೊಟರೆಯ ಬಾಯಿ ತೆರೆದಿದ್ದರೆ ಇಷ್ಟು ಸಾಲದು.

ಇನ್ನು ಕವಲು ಮತ್ತು ಕೊಂಬೆಗಳು. ಎರಡು ಕೊಂಬೆಗಳು ಅಗಲವಾಗಿ, ಬಾಗಿದ ತೊಟ್ಟಿಲಿನಂತೆ ಕೂಡಿದ್ದರೆ ಆ ಕವಲು ಬಲವಾದುದು. ಕತ್ತರಿಯ ಅಲಗುಗಳಂತೆ ಇಕ್ಕಟ್ಟಾಗಿ ಕೂಡಿ, ನಡುವೆ ತೊಗಟೆಯು ಸಿಕ್ಕಿಕೊಂಡಿದ್ದರೆ ಅದು ಒಂದು ದಿನ ಸೀಳುವುದು. ನಮ್ಮ ಮಳೆಮರದ ಕವಲು ಇಂಥದೇ ಆಗಿತ್ತು. ಒಣಗಿದ ಕೊಂಬೆಗಳನ್ನೂ, ಬಂದಳಿಕೆ ಹಿಡಿದ ಕೊಂಬೆಗಳನ್ನೂ, ತಂತಿಗಾಗಿ ಒಂದೇ ಮಗ್ಗುಲು ಕಡಿದು ಭಾರವು ಒಂದು ಕಡೆಗೆ ಸರಿದ ಮರಗಳನ್ನೂ ವಿಶೇಷವಾಗಿ ಗಮನಿಸಿರಿ. ಗಾಳಿಯ ವೇಗವು ಇಮ್ಮಡಿಯಾದರೆ ಅದರ ಒತ್ತಡವು ನಾಲ್ಮಡಿಯಾಗುವುದೆಂಬುದನ್ನು ಮರೆಯಬೇಡಿರಿ. ದಿನದ ಗಾಳಿಗೆ ಅಲುಗದ ಕೊಂಬೆಯು ಬಿರುಗಾಳಿಗೂ ಅಲುಗದೆಂದು ಹೇಳಲಾಗದು.

ಜಾತಿಯನ್ನೂ ತಿಳಿಯಬೇಕು. ನುಗ್ಗೆಯ ಮರವನ್ನು ಹತ್ತಿಸುವ ಗಾದೆಯ ಅರ್ಥವು ಎಲ್ಲರಿಗೂ ಗೊತ್ತು. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್, ಅಮೆರಿಕದ ಉಷ್ಣಪ್ರದೇಶದಿಂದ ಬಂದ ಮಳೆಮರ ಇವು ಬೇಗ ಬೆಳೆದು ಹರವಾಗುವುವು, ಗಾಳಿಗೆ ಬೇಗ ಮುರಿಯುವುವು. ಹುಣಸೆ, ಹೊಂಗೆ, ಬೇವುಗಳು ನಿಧಾನವಾಗಿ ಬೆಳೆದರೂ ಹೆಚ್ಚು ಗಟ್ಟಿ. ಆಲಕ್ಕೆ ಬಿಳಲುಗಳೇ ಕಂಬಗಳು. ಬೆಂಗಳೂರಿನ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲಕಾಂಡವು ರೋಗದಿಂದ ಸತ್ತುಹೋದರೂ, ಬಿಳಲುಗಳ ಬಲದಿಂದಲೇ ಅದು ಸುಮಾರು 3 ಎಕರೆ ನೆಲವನ್ನು ಆವರಿಸಿ ನಿಂತಿತು. ಆದುದರಿಂದ ಬಿಳಲುಗಳನ್ನು ಅಡ್ಡಿಯೆಂದು ಕತ್ತರಿಸುವುದು ಮನೆಯ ಕಂಬವನ್ನು ಕೀಳುವುದಕ್ಕೆ ಸಮ.

ದೋಷವು ಕಂಡಿತೆಂದು ಒಡನೆಯೇ ಕೊಡಲಿಯನ್ನು ಎತ್ತಬಾರದು. ಅಪಾಯವನ್ನು ತೆಗೆಯುವ ಉಪಾಯಗಳಲ್ಲಿ ಅತ್ಯಂತ ಚಿಕ್ಕದನ್ನೇ ಮೊದಲು ಮಾಡಬೇಕು. ಬೆಂಚನ್ನು ಸರಿಸಿದರೆ ಸಾಕಾದಲ್ಲಿ ಬೆಂಚನ್ನು ಸರಿಸಿರಿ. ಒಣಕೊಂಬೆಯನ್ನು ತೆಗೆದರೆ ಸಾಕಾದಲ್ಲಿ ಅದನ್ನು ಮಾತ್ರ ತೆಗೆಯಿಸಿರಿ. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಕೆತ್ತದೆ, ಬುಡದ ಉಬ್ಬನ್ನು ಉಳಿಸಿ ಕೊಯ್ದರೆ ಗಾಯವು ಮುಚ್ಚಿಕೊಳ್ಳುವುದು. ಮರದ ತಲೆಯನ್ನೇ ಬೋಳಿಸುವುದು ಕೆಟ್ಟ ಪದ್ಧತಿ; ಅಲ್ಲಿಂದ ಚಿಗುರಿದ ಕೊಂಬೆಗಳಿಗೆ ಹಿಡಿತವಿಲ್ಲ, ಕಡಿದ ಕಡೆ ಕೊಳೆತವೂ ಇಳಿಯುವುದು. ಹಿಂದೆ ಪೊಟರೆಗಳಿಗೆ ಸಿಮೆಂಟು ತುಂಬುತ್ತಿದ್ದರು; ಅದರಿಂದ ಬಲವು ಬಾರದೆಂದು ಕಂಡು ತಿಳಿದವರು ಅದನ್ನು ಬಿಟ್ಟಿದ್ದಾರೆ. ಕಡಿಯಲೇಬೇಕಾದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಅನ್ವಯಿಸುವ ಕಡೆಗಳಲ್ಲಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿಯನ್ನು ಪಡೆಯಬೇಕು. ಪ್ರಾಣಕ್ಕೋ ಸ್ವತ್ತಿಗೋ ಅಪಾಯವಾಗಿರುವ ಮರಕ್ಕೆ ಅನುಮತಿಯನ್ನು ಕೊಡಲು ಅದರಲ್ಲಿ ಅವಕಾಶವಿದೆ. ಕಡಿದುದಕ್ಕೆ ಬದಲಾಗಿ ನೆಡತಕ್ಕದ್ದೆಂಬ ವಿಧಿಯೂ ಇದೆ. ತೆಂಗು, ನೀಲಗಿರಿ ಮುಂತಾದ ಕೆಲವು ಜಾತಿಗಳಿಗೆ ಅನುಮತಿ ಬೇಕಿಲ್ಲ.

ನಮ್ಮ ಈ ಪರೀಕ್ಷೆಯು ಮಗುವಿನ ಹಣೆಯನ್ನು ಮುಟ್ಟಿ ನೋಡುವ ತಾಯಿಯ ಪರೀಕ್ಷೆಯಂಥದು. ವೈದ್ಯರನ್ನು ಕರೆಯಬೇಕೋ ಬೇಡವೋ ಎಂಬುದನ್ನು ಅದು ತಿಳಿಸುವುದು. ವೈದ್ಯರ ಕೆಲಸವನ್ನು ತಾನೇ ಮಾಡದು. ಮರವನ್ನು ಹತ್ತುವುದು, ತಂತಿಯ ಬಳಿಯ ಕೊಂಬೆಯನ್ನು ಮುಟ್ಟುವುದು ಬಲ್ಲವರ ಕೆಲಸ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಎಷ್ಟು ಗಟ್ಟಿಯಾದ ಮರವಾದರೂ ಅದರಡಿ ನಿಲ್ಲಲೇಬಾರದು.

ನಾವು ಹೀಗೆಯೇ ಒಂಬತ್ತನೆಯ ತರಗತಿಯ ಹುಡುಗಿಯರೊಡನೆ ಆವರಣದ ಒಂದೊಂದು ಮರವನ್ನೂ ಪರೀಕ್ಷಿಸಿದೆವು. ಸೀಳಿದ ಮಳೆಮರವನ್ನು ಅನುಮತಿ ಪಡೆದು ತೆಗೆಯಿಸಿದೆವು; ಎರಡು ಮರಗಳ ಒಣಕೊಂಬೆಗಳನ್ನು ಇಳಿಸಿದೆವು; ಮಿಕ್ಕವು ಇಂದಿಗೂ ನೆರಳು ಕೊಡುತ್ತಿವೆ. ಮಳೆಮರವಿದ್ದ ಕಡೆ ಹೊಂಗೆಯ ಸಸಿಯನ್ನು ನೆಟ್ಟೆವು. ಗುಂಡ್ಲುಪೇಟೆಯ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಒಬ್ಬಳು ಹುಡುಗಿಯು ಆ ಬೇಸಿಗೆಯ ರಜೆಯಲ್ಲಿ ತನ್ನ ಮನೆಯ ಹುಣಸೆಯನ್ನೂ ಅಳೆದಳು. ಮಾಡಿನ ಮೇಲೆ ಚಾಚಿದ ಒಣಕೊಂಬೆಯೊಂದರ ಸರಿಯಾಗಿ ಕೆಳಗೆ ಅವಳ ಅಜ್ಜಿಯ ಮಂಚವಿತ್ತು. ವರ್ಷವರ್ಷವೂ ಹಣ್ಣು ಮಾರಿ ಮನೆಯ ಖರ್ಚಿಗೆ ಒದಗುವ ಆ ಮರವನ್ನು ಕಡಿಯಲು ಅಜ್ಜಿಯು ಒಪ್ಪಲಿಲ್ಲ. ಕಡಿಯಬೇಕಾಗಿಯೂ ಇರಲಿಲ್ಲ. ಹುಡುಗಿಯು ಅಂದೇ ಮಂಚವನ್ನು ಎದುರು ಗೋಡೆಗೆ ಎಳೆದು ಹಾಕಿದಳು. ಮುಂದಿನ ವಾರ ಅವಳ ತಂದೆಯು ಬಲ್ಲ ಆಳನ್ನು ಕರೆಸಿ ಆ ಕೊಂಬೆಯನ್ನು ಇಳಿಸಿದನು. ಜೂನ್ ತಿಂಗಳಲ್ಲಿ ಅವಳು ಇದನ್ನು ತನ್ನ ಅಭ್ಯಾಸಪುಸ್ತಕದಲ್ಲಿ ಬರೆದು ತಂದಾಗ, ನಾವು ಕ್ರಿಸ್‌ಮಸ್ ಕಾಲದಲ್ಲಿ ಮಾಡದೆ ಬಿಟ್ಟುದನ್ನು ಈ ಮಗು ಮಾಡಿದಳಲ್ಲಾ ಎಂದು ಕೃತಜ್ಞತೆಯಿಂದ ಓದಿದೆವು.

ಅಭ್ಯಾಸ

1. ನಿಮ್ಮ ಮನೆಗೆ ಅತಿ ಸಮೀಪದ ಹೆಮ್ಮರದ ಎತ್ತರವನ್ನು ನೆರಳಿನಿಂದ ಕಂಡುಹಿಡಿದು, ಅದರ ವರ್ತುಲದೊಳಗಿರುವುದನ್ನೆಲ್ಲ ಪಟ್ಟಿಮಾಡಿರಿ.

2. ಅದರ ಬೇರು, ಕಾಂಡ, ಕವಲು, ಕೊಂಬೆಗಳಲ್ಲಿ ಕಂಡುದನ್ನು ಬರೆಯಿರಿ. ಕಾಣದುದನ್ನು ಊಹಿಸಿ ಬರೆಯಬೇಡಿರಿ.

3. ಮರವನ್ನು ಕಡಿಯದೆ ಅಪಾಯವನ್ನು ಕಡಿಮೆಮಾಡುವ ಒಂದು ಉಪಾಯವನ್ನು ಮನೆಯ ಹಿರಿಯರೊಡನೆ ಆಲೋಚಿಸಿ, ರೇವತಿ ಮಳೆ ಬರುವುದಕ್ಕೆ ಮುಂಚೆ ಅದನ್ನು ನಡೆಸಿರಿ.