ಮನೆಯೊಳಗಿನ ಜಾಲತಾಣ

ಜಾಲತಾಣವೆಂದೊಡನೆ ದೂರದ ನಗರದ ದೊಡ್ಡ ಕಟ್ಟಡವೊಂದೂ ಅದರೊಳಗಿನ ಸಾಲುಸಾಲು ಯಂತ್ರಗಳೂ ನಮ್ಮ ಕಣ್ಮುಂದೆ ಸುಳಿಯುತ್ತವೆ. ಆದರೆ ಜಗತ್ತಿನ ಮೊದಲ ಜಾಲತಾಣ ನೆಲೆಸಿದ್ದುದು ಒಂದೇ ಒಂದು ಗಣಕಯಂತ್ರದಲ್ಲಿ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬುವರು ಅದನ್ನು ರೂಪಿಸಿದರು. ಇದು ಸರ್ವರ್, ಇದನ್ನು ಆರಿಸಬಾರದು ಎಂಬರ್ಥದ ಚೀಟಿಯೊಂದನ್ನು ಆ ಯಂತ್ರಕ್ಕೆ ಅಂಟಿಸಲಾಗಿತ್ತು.

ಕೇಳಿದವರಿಗೆ ಕೇಳಿದ ಪುಟವನ್ನು ಕಳುಹಿಸಿಕೊಡುವ ಯಂತ್ರವೇ ಸರ್ವರ್. ಅದು ದೊಡ್ಡದಾಗಿರಬೇಕೆಂಬ ನಿಯಮವಿಲ್ಲ. ಸದಾ ಎಚ್ಚತ್ತಿರಬೇಕು, ಅಷ್ಟೆ. 2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಯಂತ್ರ ಹೊರಬಂದಿತು. ಮಕ್ಕಳ ಕಲಿಕೆಗೆಂದು ರೂಪಿಸಿದ ಅದರ ಅಂದಿನ ಬೆಲೆ 35 ಡಾಲರು. ಇಂತಹ ಯಂತ್ರವು 5 ವಾಟ್ ವಿದ್ಯುತ್ತನ್ನು ಬಳಸುತ್ತ ತಿಂಗಳಿಡೀ ಹಗಲಿರುಳು ದುಡಿದರೂ ಖರ್ಚಾಗುವುದು 3.6 ಯೂನಿಟ್ ಮಾತ್ರ. ಮೂಲೆಗೆ ಬಿದ್ದ ಹಳೆಯ ಗಣಕಯಂತ್ರವೂ ಈ ಕೆಲಸಕ್ಕೆ ಆಗುತ್ತದೆ. ಬೇಕಾದ ಲಿನಕ್ಸ್, ಅಪಾಚೆ ಮೊದಲಾದ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ.

ಇನ್ನುಳಿದದ್ದು ವಿಳಾಸದ ಪ್ರಶ್ನೆ. ಮನೆಯ ಅಂತರಜಾಲ ಸಂಪರ್ಕಕ್ಕೆ ದೊರೆಯುವ ಅಂಕಿಗಳ ವಿಳಾಸವು ಸಾಮಾನ್ಯವಾಗಿ ಆಗಾಗ ಬದಲಾಗುತ್ತದೆ. ಬಾಡಿಗೆ ಮನೆ ಬದಲಿಸಿದವನು ಅಂಚೆ ಕಚೇರಿಗೆ ಹೊಸ ವಿಳಾಸ ತಿಳಿಸುವಂತೆ, ಒಂದು ಪುಟ್ಟ ತಂತ್ರಾಂಶವು ಈ ಬದಲಾವಣೆಯನ್ನು ಹೆಸರಿನ ದಾಖಲೆಗೆ ತಿಳಿಸುತ್ತಿರುತ್ತದೆ. ಕೆಲವೆಡೆ ಹಲವು ಮನೆಗಳಿಗೆ ಒಂದೇ ವಿಳಾಸವಿರುತ್ತದೆ; ಆಗ ಸಂಪರ್ಕ ನೀಡುವವರಿಂದ ಪ್ರತ್ಯೇಕ ವಿಳಾಸವನ್ನು ಕೇಳಿ ಪಡೆಯಬೇಕಾಗುತ್ತದೆ.

ಇಷ್ಟೆಲ್ಲ ಶ್ರಮವೇಕೆ? ಉಚಿತವಾಗಿ ಜಾಗ ಕೊಡುವವರಿಲ್ಲವೇ? ಇದ್ದಾರೆ. ಆದರೆ ಕೊಟ್ಟವರು ಹಿಂದಕ್ಕೆ ಪಡೆಯಲೂ ಬಲ್ಲರು. 2009ರಲ್ಲಿ ಯಾಹೂ ಸಂಸ್ಥೆಯು ಅಮೆರಿಕದಲ್ಲಿ ಜಿಯೋಸಿಟೀಸ್ ಎಂಬ ತಾಣವನ್ನು ಮುಚ್ಚಿದಾಗ, ಲಕ್ಷಾಂತರ ಜನರು ವರ್ಷಗಟ್ಟಲೆ ಬರೆದಿಟ್ಟಿದ್ದ ಪುಟಗಳು ನೆಲೆ ಕಳೆದುಕೊಂಡವು. ಆಸಕ್ತರು ಪ್ರತಿ ಮಾಡಿಕೊಂಡಷ್ಟು ಉಳಿಯಿತು, ಮಿಕ್ಕದ್ದು ಅಳಿಯಿತು.

ಹಾಗೆಂದು ಮನೆಯ ತಾಣವು ಕಷ್ಟವಿಲ್ಲದ ಸುಖವೇನೂ ಅಲ್ಲ. ವಿದ್ಯುತ್ತು ಹೋದರೆ ತಾಣವೂ ಮಲಗುತ್ತದೆ. ಅತಿಥಿಗಾಗಿ ತೆರೆದ ಬಾಗಿಲನ್ನು ಕಳ್ಳನೂ ತಟ್ಟುತ್ತಾನೆ. ಆದುದರಿಂದ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಸುಲಭವಾಗಿ ಊಹಿಸಲಾಗದ ಗುಪ್ತಪದವನ್ನು ಇಡಬೇಕು. ಬರೆದುದರ ಪ್ರತಿಯೊಂದನ್ನು ಬೇರೆಡೆ ಕಾದಿರಿಸಬೇಕು. ಅನ್ಯರ ಮನೆಯಲ್ಲಿದ್ದಾಗ ಈ ಚಿಂತೆಗಳನ್ನೆಲ್ಲ ಮನೆಯೊಡೆಯನು ಹೊರುತ್ತಾನೆ, ನಮ್ಮ ಇರವನ್ನೂ ಅವನೇ ನಿರ್ಧರಿಸುತ್ತಾನೆ. ಸ್ವಂತ ಮನೆಯಲ್ಲಿ ಸ್ವಾತಂತ್ರ್ಯವೂ ನಮ್ಮದೇ, ಕಾವಲೂ ನಮ್ಮದೇ. ಒಂದನ್ನು ಬಯಸುವವನು ಇನ್ನೊಂದನ್ನು ಹೊರಲು ಸಿದ್ಧನಾಗಿರಬೇಕು.